ವಸ್ತುಸಂಗ್ರಹಾಲಯದ ವಿದ್ಯೆ

ಶಿವಮೊಗ್ಗದ ಕೋಟೆಯ ಮಗ್ಗುಲಲ್ಲಿ, ತುಂಗೆಗೆ ಕೂಗಳತೆಯ ದೂರದಲ್ಲಿ, ಶಿವಪ್ಪನಾಯಕನ ಅರಮನೆ ಎಂದು ಕರೆಯುವ ಕಟ್ಟಡವೊಂದುಂಟು. ಊರಿನವರು ಅದರ ಮುಂದೆ ದಿನವೂ ಹಾದುಹೋಗುತ್ತಾರೆ; ಒಳಹೊಕ್ಕವರು ಕಡಮೆ. ಹೊಕ್ಕವರಾದರೂ ಮರದ ಕಂಬಗಳ ಗಾತ್ರಕ್ಕೆ ಬೆರಗಾಗಿ, ಅಂಗಳದಲ್ಲಿ ನಿಲ್ಲಿಸಿದ ಕಲ್ಲುಗಳ ಮುಂದೆ ಅರೆಗಳಿಗೆ ತಡೆದು, ಬಿಸಿಲು ಹೆಚ್ಚಾಯಿತೆಂದು ಹೊರಟುಬಿಡುತ್ತಾರೆ. ಶಿವಪ್ಪನಾಯಕ ಕೆಳದಿಯ ರಾಜ್ಯವನ್ನಾಳಿದ್ದು 1645ರಿಂದ 1660ರವರೆಗೆ. ಕಟ್ಟಡದ ರೀತಿಯನ್ನು ಬಲ್ಲವರು ಅದು ಹೈದರನ ಕಾಲದ್ದು, ಎಂದರೆ ಹದಿನೆಂಟನೆಯ ಶತಮಾನದ್ದು, ಎನ್ನುತ್ತಾರೆ. ಹೆಸರು ಒಬ್ಬರದು, ಕಟ್ಟಿಸಿದವರು ಇನ್ನೊಬ್ಬರು. ಈಗ ಅಲ್ಲಿರುವುದು ಸರ್ಕಾರಿ ವಸ್ತುಸಂಗ್ರಹಾಲಯ.

ಅದರ ವಿಚಾರ ಈಗೇಕೆ ಎಂದು ಕೇಳಬಹುದು. ಕಾರಣ ಇದು. ನನ್ನ ಬಳಿ ಹೈಸ್ಕೂಲಿನಲ್ಲಿ ಓದಿ ಈಗ ಬಿ.ಎ. ತರಗತಿಯಲ್ಲಿರುವ ಹುಡುಗಿಯೊಬ್ಬಳು ಒಂದು ಭಾನುವಾರ ತನ್ನ ತಂದೆಯವರನ್ನು ಕರೆದುಕೊಂಡು ಮನೆಗೆ ಬಂದಳು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ದುಡಿದು ನಿವೃತ್ತರಾದವರು. ಕಾಫಿ ಮುಗಿಯುವ ಮೊದಲೇ ವಿಷಯಕ್ಕೆ ಬಂದರು. "ಸಾರ್, ಇವಳು ಮ್ಯೂಸಿಯಂ ಕೆಲಸ ಕಲಿತೀನಿ ಅಂತಾಳೆ. ಹಳೇ ಕಲ್ಲಿನ ಧೂಳು ಒರೆಸೋದಕ್ಕೂ ಡಿಗ್ರಿ ಬೇಕಾ? ನೀವಾದರೂ ಬುದ್ಧಿ ಹೇಳಿ" ಎಂದರು. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಆ ಹೊತ್ತಿಗೆ ಏನೋ ನಾಲ್ಕು ಮಾತು ಹೇಳಿ ಕಳುಹಿಸಿದೆ. ಸರಿಯಾದ ಉತ್ತರ ಆಮೇಲೆ, ನಿಧಾನವಾಗಿ, ಮನಸ್ಸಿಗೆ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿಯೂ ಇಂಥ ಮಗನೋ ಮಗಳೋ ಇದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಹೆಸರನ್ನು ಬಿಡಿಸಿ ನೋಡೋಣ. ಪಂಡಿತ ಪರೀಕ್ಷೆಗೆ ಕುಳಿತವರಿಗೆ ಅದೊಂದು ಚಟ. ವಸ್ತು, ಸಂಗ್ರಹ, ಆಲಯ: ಮೂರು ಪದಗಳ ಸಮಾಸ. ವಸ್ತು ಇರಬೇಕು, ಅದನ್ನು ಕೂಡಿಡಬೇಕು, ಇಡಲು ಮನೆಯೊಂದು ಬೇಕು. ಇಷ್ಟೇ ಆದರೆ ಗುಜರಿ ಅಂಗಡಿಗೂ ಈ ಹೆಸರು ಸಲ್ಲುತ್ತದೆ! ಗುಜರಿಯವನಲ್ಲಿಯೂ ವಸ್ತುವಿದೆ, ಸಂಗ್ರಹವಿದೆ, ತಗಡಿನ ಆಲಯವೂ ಇದೆ. ಅವನಲ್ಲಿ ಇಲ್ಲದ್ದು ಒಂದೇ: ಯಾವುದು ಎಲ್ಲಿಂದ ಬಂತು ಎಂಬ ಬರೆಹ. ವಸ್ತುಸಂಗ್ರಹಾಲಯವನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡುವ ಆ ನಾಲ್ಕನೆಯ ಅಂಶ ಸಮಾಸದಲ್ಲಿ ಸೇರಿಲ್ಲ.

ಈ ಮಾತು ಹೊಸದಲ್ಲ. ಇರಾಕಿನ ದಕ್ಷಿಣದಲ್ಲಿರುವ ಉರ್ ಎಂಬ ಪ್ರಾಚೀನ ನಗರವನ್ನು ಅಗೆಯಿಸುತ್ತಿದ್ದ ಲಿಯೊನಾರ್ಡ್ ವೂಲಿ ಎಂಬ ವಿದ್ವಾಂಸನಿಗೆ 1925ರಲ್ಲಿ ಒಂದು ವಿಚಿತ್ರವಾದ ಕೋಣೆ ಸಿಕ್ಕಿತು. ಕ್ರಿಸ್ತಪೂರ್ವ ಆರನೆಯ ಶತಮಾನದ ಆ ಕೋಣೆಯ ನೆಲದ ಮೇಲೆ ಅದಕ್ಕಿಂತ ಎಷ್ಟೋ ನೂರು ವರ್ಷ ಹಿಂದಿನ ವಸ್ತುಗಳು, ಬೇರೆ ಬೇರೆ ಕಾಲದವು, ಒಟ್ಟಿಗೆ ಇದ್ದವು. ಅಗೆತದಲ್ಲಿ ಹೀಗೆ ಕಾಲಗಳು ಬೆರೆತರೆ ಏನೋ ತಪ್ಪಾಗಿದೆ ಎಂದೇ ಅರ್ಥ. ಜೊತೆಯಲ್ಲಿಯೇ ಜೇಡಿಮಣ್ಣಿನ ಸಣ್ಣ ಉರುಳೆಯೊಂದು ದೊರೆಯಿತು. ಅದರ ಮೇಲೆ ಹಳೆಯ ವಸ್ತುವೊಂದರ ವಿವರವನ್ನು ಬರೆದಿತ್ತು. ಅಂದರೆ ಅದು ಇಂದಿನ ಮ್ಯೂಸಿಯಂಗಳಲ್ಲಿ ನಾವು ಕಾಣುವ ವಿವರಚೀಟಿಯೇ. ರಾಜ ನಬೊನಿಡಸನ ಮಗಳಾದ ಎನ್ನಿಗಾಲ್ಡಿ ಎಂಬ ಪೂಜಾರಿಣಿಯ ಸಂಗ್ರಹ ಇದು ಎಂದು ವೂಲಿ ತಿಳಿದನು. ಚೀಟಿ ಇಲ್ಲದಿದ್ದರೆ ಹಳೆಯ ಕಲ್ಲುಗಳ ರಾಶಿ ಎಂದಷ್ಟೇ ತಿಳಿಯುತ್ತಿದ್ದನೋ ಏನೋ.

ಮತ್ತೆ ನಮ್ಮ ಅರಮನೆಯ ಅಂಗಳಕ್ಕೆ ಬರೋಣ. ಅಲ್ಲಿರುವ ವೀರಗಲ್ಲುಗಳಲ್ಲಿ ಒಂದರ ಮುಂದೆ ನಿಲ್ಲಿ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗಿನಿಂದ ಮೇಲಕ್ಕೆ ಓದಬೇಕು. ಮಕ್ಕಳು ಮೇಲಿನಿಂದ ಓದಿ ತಬ್ಬಿಬ್ಬಾಗುತ್ತಾರೆ. ಕೆಳಗಿನದರಲ್ಲಿ ಕಾಳಗ: ತುರುಗಳನ್ನು ಹೊಡೆದುಕೊಂಡು ಹೋಗುವ ಕಳ್ಳರು, ಅಡ್ಡ ನಿಂತ ಊರಿನ ಗಂಡು. ನಡುವಿನದರಲ್ಲಿ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿದ್ದಾನೆ, ಸೂರ್ಯಚಂದ್ರರು ಸಾಕ್ಷಿ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರಗಳಿದ್ದರೆ ಅವನ ಹೆಸರು, ಊರು, ಆಳುತ್ತಿದ್ದ ಅರಸನ ಹೆಸರು ತಿಳಿಯುತ್ತವೆ. ಅಕ್ಷರಗಳಿಲ್ಲದ ಕಲ್ಲುಗಳೂ ಬಹಳ. ಅಂಥ ಕಲ್ಲಿಗೆ ಮಾತು ಕೊಡುವುದು ಅದು ನಿಂತಿದ್ದ ಜಾಗ. ಯಾವ ಊರಿನ ಗಡಿಯಲ್ಲಿತ್ತು? ಕೆರೆಯ ಏರಿಯ ಮೇಲೋ, ಗುಡಿಯ ಮುಂದೋ? ಪಕ್ಕದಲ್ಲಿ ಬೇರೆ ಕಲ್ಲುಗಳಿದ್ದವೋ? ಇಷ್ಟು ಗೊತ್ತಾದರೆ ಆ ಸೀಮೆಯ ಇತರ ಶಾಸನಗಳೊಡನೆ ಸೇರಿಸಿ ಏನಾದರೂ ಹೇಳಬಹುದು. ಜಾಗ ತಪ್ಪಿದ ಮೇಲೆ ಅದು ಚೆಲುವಾದ ಕಲ್ಲು, ಅಷ್ಟೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, 1990ರ ದಶಕದ ಕೊನೆಯಲ್ಲಿ, ನಾನಿದ್ದ ಶಾಲೆಯ ಹತ್ತಿರ ಕೆರೆಯ ಹೂಳೆತ್ತುತ್ತಿದ್ದವರು ಟ್ರ್ಯಾಕ್ಟರಿನಲ್ಲಿ ಒಂದು ವೀರಗಲ್ಲನ್ನು ತಂದು, "ಮೇಷ್ಟ್ರೇ, ನಿಮಗೆ ಇಂಥದ್ದು ಅಂದರೆ ಇಷ್ಟವಂತಲ್ಲ" ಎಂದು ಅಂಗಳದಲ್ಲಿ ಇಳಿಸಿ ಹೋದರು. ನನ್ನ ಸಂತೋಷಕ್ಕೆ ಪಾರವಿಲ್ಲ. ಹುಡುಗರಿಂದ ತೊಳೆಯಿಸಿದೆ, ಧ್ವಜಸ್ತಂಭದ ಪಕ್ಕದಲ್ಲಿ ನಿಲ್ಲಿಸಿದೆ, ಹಳಗನ್ನಡದ ಪಾಠಕ್ಕೆ ಅದರ ಮುಂದೆಯೇ ಕೂರಿಸಿದೆ. ಹೀಗೆ ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ ಇರುವುದು ಆಗ ನನ್ನ ಗಮನಕ್ಕೆ ಬರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಯಾವ ಕೆರೆ ಎಂದು ಕೇಳಲಿಲ್ಲ. ಆ ವರ್ಷ ಸುತ್ತಿನ ಮೂರು ನಾಲ್ಕು ಕೆರೆಗಳಲ್ಲಿ ಕೆಲಸ ನಡೆದಿತ್ತು. ಕೆಲವು ವರ್ಷಗಳ ಮೇಲೆ ಶಾಸನಗಳನ್ನು ಬಲ್ಲ ಹಿರಿಯರೊಬ್ಬರು ಬಂದು ನೋಡಿ, "ಪಂಡಿತರೇ, ಇದು ಎಲ್ಲಿಯದು?" ಎಂದು ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಟ್ರ್ಯಾಕ್ಟರು ನಡೆಸುತ್ತಿದ್ದವನು ಆ ವೇಳೆಗೆ ತೀರಿಕೊಂಡಿದ್ದ. ಒಂದು ಸಾಲು ಬರೆದಿಟ್ಟಿದ್ದರೆ ಸಾಕಾಗಿತ್ತು! ನಾಲ್ಕು ಪರೀಕ್ಷೆ ಮುಗಿಸಿ ಛಂದಸ್ಸು ಅಲಂಕಾರಗಳನ್ನು ಬಾಯಿಪಾಠ ಮಾಡಿದ್ದವನಿಗೆ ಆ ಒಂದು ಸಾಲು ಹೊಳೆಯಲಿಲ್ಲ.

ಆ ಸಾಲನ್ನು ತಪ್ಪದೆ ಬರೆದವರು ನಮ್ಮ ನಾಡಿನಲ್ಲಿ ಇದ್ದರು. ಬೆಂಗಳೂರಿನಲ್ಲಿ ಹುಟ್ಟಿ ಕನ್ನಡವನ್ನು ಚೆನ್ನಾಗಿ ಕಲಿತಿದ್ದ ಬಿ. ಎಲ್. ರೈಸರು ಮೊದಲು ವಿದ್ಯಾ ಇಲಾಖೆಯಲ್ಲಿದ್ದವರು, ನಮ್ಮ ವೃತ್ತಿಬಾಂಧವರು. 1885ರಲ್ಲಿ ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆ ಆರಂಭವಾದಾಗ ಅದರ ಹೊಣೆ ಅವರದಾಯಿತು. 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಹೆಸರಿನ ಸಂಪುಟಗಳಲ್ಲಿ ಏಳನೆಯದು, ಎಂಟನೆಯದು ನಮ್ಮ ಜಿಲ್ಲೆಗೆ ಸೇರಿದವು. 1902ರಲ್ಲಿ ಒಂದು, 1904ರಲ್ಲಿ ಇನ್ನೊಂದು ಅಚ್ಚಾದವು. ಅವುಗಳಲ್ಲಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಸಂಖ್ಯೆ, ಊರಿನಲ್ಲಿ ಅದು ಇರುವ ಜಾಗ ಇಷ್ಟನ್ನೂ ಕೊಟ್ಟಿದ್ದಾರೆ. ತಾಳಗುಂದದ ಪ್ರಸಿದ್ಧವಾದ ಕಂಬದ ಶಾಸನ, ಕುಬ್ಜನೆಂಬ ಕವಿ ಕದಂಬರ ವಂಶವನ್ನು ಸಂಸ್ಕೃತದಲ್ಲಿ ಹೊಗಳಿ ಬರೆದದ್ದು, ಆ ಪುಸ್ತಕದಲ್ಲಿ 'ಶಿಕಾರಿಪುರ 176'. ಈ ಸಂಖ್ಯೆಯನ್ನು ಹೇಳಿದರೆ ಸಾಕು, ಲೋಕದ ಯಾವ ಮೂಲೆಯ ವಿದ್ವಾಂಸನಿಗೂ ಯಾವ ಕಂಬವೆಂದು ತಿಳಿಯುತ್ತದೆ.

ಅವರಾದ ಮೇಲೆ ಆರ್. ನರಸಿಂಹಾಚಾರ್ಯರು, ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು, ಆಮೇಲೆ ಎಂ. ಎಚ್. ಕೃಷ್ಣ. ಕೃಷ್ಣ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು, ಜೊತೆಗೆ ಇಲಾಖೆಯ ನಿರ್ದೇಶಕರು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಗುರುತಿಸಿದವರು ಅವರೇ. ಹದಿನಾರು ಸಾಲಿನ ಆ ಕಲ್ಲಿನಲ್ಲಿ ತೇದಿಯಿಲ್ಲ. ಅಕ್ಷರದ ರೂಪ, ಭಾಷೆ, ಒಳಗೆ ಬರುವ ಹೆಸರುಗಳು ಇವುಗಳ ಬಲದಿಂದ ಕ್ರಿ.ಶ. 450ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿದರು. ಮೂಲ ಕಲ್ಲು ಮೈಸೂರಿಗೆ ಹೋಯಿತು. ಊರಿನವರು ಈಗ ಪ್ರತಿಕೃತಿಯನ್ನು ಇಟ್ಟುಕೊಂಡಿದ್ದಾರೆ. ಊರು ಬಿಟ್ಟರೂ ಊರಿನ ಹೆಸರು ಅದಕ್ಕೆ ಅಂಟಿಕೊಂಡೇ ಇದೆ. ಹಾಗೆ ಅಂಟಿಸುವುದೇ ಮ್ಯೂಸಿಯಂ ಕೆಲಸ. ಈಚೆಗೆ ನಮ್ಮ ತಾಳಗುಂದದಲ್ಲಿಯೇ, ಪ್ರಣವೇಶ್ವರನ ಗುಡಿಯ ಬಳಿ, 2013ರ ಅಗೆತದಲ್ಲಿ ಸಿಂಹಕಟಾಂಜನದ ಮೇಲೆ ಬರೆದ ಶಾಸನವೊಂದು ದೊರೆತು, ಅದು 370ರ ಸುಮಾರಿನದೆಂದು, ಹಲ್ಮಿಡಿಗಿಂತ ಹಿಂದಿನದೆಂದು ಪುರಾತತ್ತ್ವ ಇಲಾಖೆಯವರು ಹೇಳಿದ್ದಾರೆ. ಪಂಡಿತರಲ್ಲಿ ಚರ್ಚೆ ನಡೆದಿದೆ, ನಡೆಯಲಿ. ಆ ಕಲ್ಲನ್ನು ಯಾರಾದರೂ ರಾತ್ರಿ ಕಿತ್ತು ಪಟ್ಟಣದ ಬಂಗಲೆಯ ತೋಟದಲ್ಲಿ ನಿಲ್ಲಿಸಿದ್ದರೆ ಚರ್ಚೆಗೆ ಎಡೆಯೇ ಇರುತ್ತಿರಲಿಲ್ಲ.

ಹಾಗಾದರೆ ಈ ವಿದ್ಯೆಯಲ್ಲಿ ಕಲಿಯುವುದೇನು? ಮೊದಲು ದಾಖಲೆಯ ಪುಸ್ತಕ. ಬಂದ ವಸ್ತುವಿಗೆ ಸಂಖ್ಯೆ, ಬಂದ ದಿನ, ದೊರೆತ ಸ್ಥಳ, ಕೊಟ್ಟವರು, ಯಾವ ಪದಾರ್ಥ, ಉದ್ದ ಅಗಲ, ಎಲ್ಲಿ ಮುಕ್ಕಾಗಿದೆ, ಭಾವಚಿತ್ರ. ಸಂಖ್ಯೆಯನ್ನು ವಸ್ತುವಿನ ಮೇಲೂ ಬರೆಯಬೇಕು: ಮುಖದ ಮೇಲಲ್ಲ, ಮರೆಯಾದ ಮೂಲೆಯಲ್ಲಿ, ಬೇಕಾದಾಗ ಅಳಿಸುವಂತೆ, ತಾನಾಗಿ ಅಳಿಯದಂತೆ. ಹೇಳಿದಷ್ಟು ಸುಲಭವಲ್ಲ. ಆಮೇಲೆ ರಕ್ಷಣೆ. ಮಲೆನಾಡಿನ ಮಳೆಯಲ್ಲಿ ಕಲ್ಲಿಗೆ ಪಾಚಿ ಶತ್ರು, ಓಲೆಗೆ ಹುಳು ಮತ್ತು ಬೂಷ್ಟು, ಕಬ್ಬಿಣಕ್ಕೆ ತುಕ್ಕು. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ವಿಷ. ಕಬ್ಬಿಣ ಒಣಗಿದಷ್ಟೂ ಒಳ್ಳೆಯದು. ಓಲೆಗರಿ ತೀರ ಒಣಗಿದರೆ ಮುಟ್ಟಿದ ಕೂಡಲೆ ಮುರಿಯುತ್ತದೆ. ಅದಕ್ಕೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಹದವಾಗಿ ಸವರುತ್ತಾರೆ. ಗರಿ ಬಾಗುತ್ತದೆ, ಆ ವಾಸನೆಗೆ ಹುಳು ಹತ್ತಿರ ಬರುವುದಿಲ್ಲ. ಕಂಠದಿಂದ ಕೊರೆದ ಅಕ್ಷರ ಮಾಸಿದ್ದರೆ ಕಾಡಿಗೆ ತೀಡಿ ಒರೆಸಿದಾಗ ಕಪ್ಪು ಗೀರುಗಳಲ್ಲಿ ಮಾತ್ರ ಉಳಿದು ಓದಲು ಬರುತ್ತದೆ. ಕಲ್ಲನ್ನಾದರೋ ತಂತಿಯ ಬ್ರಷ್ಷಿನಿಂದ ಉಜ್ಜಬಾರದು, ಆಮ್ಲ ಹಾಕಬಾರದು, ಸುಣ್ಣ ಬಳಿಯಬಾರದು. ನನ್ನ ಹುಡುಗರು ತೆಂಗಿನ ನಾರಿನಿಂದ ಉಜ್ಜಿದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಓಲೆಯ ಮಾತು ಬಂದದ್ದರಿಂದ ಕೆಳದಿಯನ್ನು ನೆನೆಯದೆ ಮುಂದೆ ಹೋಗಲಾಗದು. ಸಾಗರ ತಾಲ್ಲೂಕಿನ ಆ ಊರಿನಲ್ಲಿ ಕೆಳದಿ ಗುಂಡಾ ಜೋಯಿಸರು (1931–2008) ಮನೆಮನೆಯ ಅಟ್ಟಗಳಿಂದ ಬಂದ ಓಲೆಗರಿ, ಕಡತ, ಹಳೆಯ ಸಾಮಾನುಗಳನ್ನು ಕೂಡಿಸಿ ವಸ್ತುಸಂಗ್ರಹಾಲಯವೊಂದನ್ನು ಕಟ್ಟಿದರು. ಅಲ್ಲಿ ತಿಗಳಾರಿ ಲಿಪಿಯ ಓಲೆಗಳಿವೆ. ಇಂದು ಆ ಲಿಪಿಯನ್ನು ಓದಬಲ್ಲವರು ವಿರಳ. ಓದುವವರು ಇಲ್ಲದ ಮೇಲೆ ಓಲೆ ಎಷ್ಟು ಮೆದುವಾಗಿದ್ದರೇನು? ಆದುದರಿಂದ ಈ ವಿದ್ಯೆಗೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು, ಹಳಗನ್ನಡ ಕಲಿಯಿರಿ, ಒಂದು ಹಳೆಯ ಲಿಪಿ ಕಲಿಯಿರಿ ಎಂದು. ಎಣ್ಣೆಯ ಹದ ಆಮೇಲೆ ಬಂದೀತು.

ಎಲ್ಲಿ ಕಲಿಯಬೇಕು ಎಂಬುದು ತಂದೆಯವರ ಎರಡನೆಯ ಪ್ರಶ್ನೆ. ಬರೋಡಾ ವಿಶ್ವವಿದ್ಯಾನಿಲಯದಲ್ಲಿ 1952ರಲ್ಲಿಯೇ ಮ್ಯೂಸಿಯಂ ವಿದ್ಯೆಗೆಂದು ಬೇರೆ ವಿಭಾಗ ಆರಂಭವಾಯಿತು. ಕಲ್ಕತ್ತೆ, ಕಾಶಿಗಳಲ್ಲಿಯೂ ಪಾಠವಿದೆ. ಆದರೆ ನಮ್ಮ ದೇಶದಲ್ಲಿ ಇದು ಬಹುಮಟ್ಟಿಗೆ ಪದವಿಯಾದ ಮೇಲಿನ ವಿದ್ಯೆ. ಬಿ.ಎ. ತರಗತಿಯಲ್ಲಿ ಇರುವವರಿಗೆ ಬಾಗಿಲು ಎಂದರೆ ಇತಿಹಾಸ, ಪುರಾತತ್ತ್ವ, ಕನ್ನಡ, ಸಂಸ್ಕೃತ. ಶಿವಮೊಗ್ಗದಲ್ಲಿ 1940ರಿಂದ ಸಹ್ಯಾದ್ರಿ ಕಾಲೇಜಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾನಿಲಯವಿದೆ. ನನ್ನ ಅಭಿಪ್ರಾಯದಲ್ಲಿ ಈ ಕೆಲಸಕ್ಕೆ ಕೈ ಹಚ್ಚಲು ಪದವಿ ತರಗತಿಯ ವಯಸ್ಸೇ ಸರಿ. ಕಣ್ಣು ಚುರುಕಾಗಿರುತ್ತದೆ, ಬೆಟ್ಟ ಹತ್ತಲು ಕಾಲಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಊರಿನ ಮುದುಕರು ಸಂಶೋಧಕರ ಮುಂದೆ ಹೇಳದ್ದನ್ನು ಮೊಮ್ಮಗಳ ವಯಸ್ಸಿನವಳ ಮುಂದೆ ಹೇಳುತ್ತಾರೆ. ಸಂಬಳದ ವಿಚಾರದಲ್ಲಿ ಸುಳ್ಳು ಹೇಳಲಾರೆ: ಹುದ್ದೆಗಳು ಕಡಮೆ, ಕಾಯಬೇಕಾದ ವರ್ಷಗಳು ಹೆಚ್ಚು. ತಂದೆಯವರ ಚಿಂತೆ ಅಲ್ಲಿ ನ್ಯಾಯವಾದದ್ದೇ.

ಹಳೆಯದೆಂದರೆ ಅರಸರ ಕಾಲದ್ದೇ ಆಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ 1960ರ ದಶಕದ ಕೊನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆದಾಗ, ದೇ. ಜವರೇಗೌಡರ ಬೆಂಬಲದಿಂದ ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಯ ಜನ ಬಳಸುತ್ತಿದ್ದ ಸಾಮಾನುಗಳನ್ನು ಅರಮನೆಯ ಒಳಗೆ ತಂದಿಟ್ಟರು. ನಿನ್ನೆಯವರೆಗೆ ಹಿತ್ತಲಿನಲ್ಲಿ ಬಿದ್ದಿದ್ದದ್ದು ಅಲ್ಲಿ ನೋಡುವ ವಸ್ತುವಾಯಿತು.

ಈ ಮಾತು ನನ್ನನ್ನು ಭದ್ರಾವತಿಗೆ ಕರೆದೊಯ್ಯುತ್ತದೆ. ಶಿವಮೊಗ್ಗದಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯ ಮೇಲೆ ಸ್ವಲ್ಪ. ಅಲ್ಲಿ ಹಳೆಯ ಊರಿನಲ್ಲಿ ಹೊಯ್ಸಳರ ಕಾಲದ, ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹನ ತ್ರಿಕೂಟ ದೇವಾಲಯವಿದೆ. ಊರಿನ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆಯ ಕುಲುಮೆಯಿಂದ ಆ ಹೆಸರು ಬಂತೆಂದು ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಹೆಸರು ಕುಲುಮೆಗಿಂತ ಹಳೆಯದು. ವಂಕಿಪುರವೇ ಬೆಂಕಿಪುರವಾಯಿತೆಂದು ಹಿರಿಯರು ಹೇಳುತ್ತಾರೆ. ಆಮೇಲೆ ಬಂದ ಬೆಂಕಿ ಹೆಸರಿಗೆ ಒಪ್ಪಿತು, ಅಷ್ಟೆ.

ಆ ಬೆಂಕಿಯ ಕಥೆ ಹೀಗೆ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಹಾಕಿದ ಯೋಜನೆ. ಬಾಬಾಬುಡನ್ ಬೆಟ್ಟದಲ್ಲಿ ಅದಿರು ಇದೆ. ಕೆಮ್ಮಣ್ಣುಗುಂಡಿ ಎಂಬ ಹೆಸರೇ ಅದನ್ನು ಸಾರುತ್ತಿದೆ. ಕಲ್ಲಿದ್ದಲು ಸಂಸ್ಥಾನದಲ್ಲಿ ಎಲ್ಲಿಯೂ ಇಲ್ಲ. ಕಾಡು ಬೇಕಾದಷ್ಟಿದೆ. ಹಾಗಾದರೆ ಮರದ ಇದ್ದಲಿನಿಂದಲೇ ಕಬ್ಬಿಣ ಕರಗಿಸೋಣ ಎಂದು ತೀರ್ಮಾನವಾಯಿತು, ಅಮೆರಿಕದ ಸಿ. ಪಿ. ಪೆರಿನ್ ಎಂಬ ತಜ್ಞರ ಸಲಹೆ ದೊರೆಯಿತು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಸುಟ್ಟು ಇದ್ದಲು ಮಾಡುವಾಗ ಹೊರಡುವ ಹೊಗೆಯನ್ನೂ ವ್ಯರ್ಥ ಮಾಡದೆ ತಣಿಸಿ, ಅದರಿಂದ ಮದ್ಯಸಾರ, ಅಸಿಟೇಟು, ಡಾಂಬರು ತೆಗೆದರು. 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿತು. 1930ರ ದಶಕದಲ್ಲಿ ಉಕ್ಕು, ಸಿಮೆಂಟು ಬಂದವು. ಪಕ್ಕದಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಜೋಗದ ವಿದ್ಯುತ್ತು ದೊರೆತ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಬಂದವು. ಕಾಡಿನ ಮೇಲೆ ಬಿದ್ದ ಭಾರವನ್ನು ಮರೆಯಬಾರದು. ಈ ಕಥೆಯನ್ನು ಬರೆಯುವವರು ಆ ಪುಟವನ್ನೂ ಬರೆಯಬೇಕು.

ಮುಂದಿನದು ನಿಮಗೆ ಗೊತ್ತು. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರಿತು. ಕಾಗದದ ಕಾರ್ಖಾನೆಯ ಉತ್ಪಾದನೆ 2015ರ ಸುಮಾರಿಗೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಿತು, ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷ ಆಗಸ್ಟಿನಲ್ಲಿ ಒಂದು ಭಾಗದ ಕೆಲಸ ಮತ್ತೆ ಆರಂಭವಾಯಿತು. ಅದರ ಭವಿಷ್ಯವನ್ನು ಕುರಿತು ಹೇಳುವುದು ನನ್ನ ಕೆಲಸವಲ್ಲ. ನನ್ನ ಚಿಂತೆ ಬೇರೆ. ವೀರಗಲ್ಲಿಗೆ ಎಂಟುನೂರು ವರ್ಷದ ಬಾಳು; ಹುಲ್ಲಿನಲ್ಲಿ ಬಿದ್ದಿದ್ದರೂ ಕಾದಿರುತ್ತದೆ. ಕಬ್ಬಿಣ ಕಾಯುವುದಿಲ್ಲ. ತುಕ್ಕು ಹಿಡಿಯುತ್ತದೆ, ಇಲ್ಲವೆ ತೂಕಕ್ಕೆ ಹೋಗುತ್ತದೆ. ಅದಕ್ಕಿಂತ ಬೇಗ ಹೋಗುವುದು, ಯಾವ ಸನ್ನೆಗೆ ಯಾವ ಯಂತ್ರ ತಿರುಗುತ್ತಿತ್ತು, ಕರಗಿದ ಕಬ್ಬಿಣದ ಬಣ್ಣ ನೋಡಿ ಹದ ಹೇಳುತ್ತಿದ್ದವರು ಹೇಗೆ ಹೇಳುತ್ತಿದ್ದರು ಎಂಬ ತಿಳಿವಳಿಕೆ. ಅದು ಮನುಷ್ಯರೊಡನೆ ಹೋಗುತ್ತದೆ. ಜರ್ಮನಿಯ ಫೋಲ್ಕ್ಲಿಂಗೆನ್ ಎಂಬ ಊರಿನಲ್ಲಿ 1986ರಲ್ಲಿ ಊದುಕುಲುಮೆಗಳು ಆರಿದವು. ಅವುಗಳನ್ನು ಒಡೆಯದೆ ಉಳಿಸಿಕೊಂಡರು. 1994ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿ ಈಗ ಜನ ಟಿಕೆಟ್ಟು ಕೊಂಡು ನೋಡುತ್ತಾರೆ. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ವಸ್ತುಸಂಗ್ರಹಾಲಯ 1960ರ ದಶಕದಿಂದ ಇದೆ, ಬಹಳ ಒಳ್ಳೆಯದು. ಆದರೆ ಭದ್ರಾವತಿಯ ಮನೆಗಳ ಟ್ರಂಕುಗಳಲ್ಲಿ ಇರುವುದನ್ನು ಬೆಂಗಳೂರಿನವರು ಬಂದು ಬರೆದುಕೊಳ್ಳುತ್ತಾರೆಯೇ?

ಇಷ್ಟನ್ನೂ ಆ ಹುಡುಗಿಗೆ ಹೇಳಿದೆ. ಎರಡು ವಾರ ಬಿಟ್ಟು ಉದ್ದನೆಯ ಗೆರೆ ಹಾಕಿದ ಲೆಕ್ಕದ ಪುಸ್ತಕವೊಂದನ್ನು ತಂದು ತೋರಿಸಿದಳು. ಸಂಖ್ಯೆ ಒಂದು: ತಂದೆಯವರ ಹಾಜರಿ ಬಿಲ್ಲೆ, ಹಿತ್ತಾಳೆಯದು, ದುಂಡು, ಮೇಲೆ ತೂತು, ಅಂಚು ಸವೆದಿದೆ. ಪಕ್ಕದಲ್ಲಿ ಅದರ ವಿವರ ಒಂದೂವರೆ ಪುಟ. ಬಿಲ್ಲೆಯನ್ನು ಗೇಟಿನಲ್ಲಿ ಎಲ್ಲಿ ತೆಗೆದುಕೊಳ್ಳಬೇಕು, ತಡವಾದರೆ ಏನಾಗುತ್ತಿತ್ತು, ಕಳೆದರೆ ಯಾರಿಗೆ ಹೇಳಬೇಕು, ಎಲ್ಲವೂ ಇದೆ. ಹೇಳಿ ಬರೆಸಿದವರು ಬುದ್ಧಿ ಹೇಳಿಸಲು ಕರೆತಂದಿದ್ದ ತಂದೆಯವರೇ. ಸಂಖ್ಯೆ ಏಳು ನೆರೆಮನೆಯವರದು.

ಕೊನೆಯಲ್ಲಿ ನನ್ನದೊಂದು ಸ್ವಂತ ಬೇಡಿಕೆ. ನಾನು ಹೇಳಿದ ವೀರಗಲ್ಲು ಸುಮಾರು ನಾಲ್ಕಡಿ ಎತ್ತರ, ಮೂರು ಪಟ್ಟಿಕೆ, ಅಕ್ಷರವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನು, ಎದುರಿಗೆ ಕುದುರೆಯವನು. ನೋಡುವವರ ಎಡಗಡೆಯ ಮೇಲಿನ ಮೂಲೆ ಒಡೆದಿದೆ. ಕೆರೆಯ ಹೂಳಿನಲ್ಲಿ, 1990ರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಸಿಕ್ಕಿದ್ದು. ನಿಮ್ಮ ಊರಿನ ಏರಿಯ ಮೇಲೆ ಇಂಥ ಕಲ್ಲು ಇದ್ದು ಆ ಬೇಸಿಗೆಯಿಂದ ಕಾಣದಾಗಿದ್ದರೆ, ಅಥವಾ ಒಡೆದ ಆ ಮೂಲೆಯ ಚೂರು ಇನ್ನೂ ಅಲ್ಲಿಯೇ ಬಿದ್ದಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಊರಿನ ಹೆಸರು, ಕೆರೆಯ ಹೆಸರು, ಇಷ್ಟಿದ್ದರೆ ಸಾಕು.